ಅಂಗಳದ ಬೆಳಕಿಗೆ ಐದು ವರ್ಷದ ಲೆಕ್ಕ

ಹೊಸ ಮನೆ ಕಟ್ಟಿಸುವವರು ಒಳಗಿನ ವೈರಿಂಗಿಗೆ ತಲೆ ಕೆಡಿಸಿಕೊಂಡಷ್ಟು ಹೊರಗಿನದಕ್ಕೆ ಕೆಡಿಸಿಕೊಳ್ಳುವುದಿಲ್ಲ. ಪೇಂಟಿಂಗ್ ಮುಗಿದು ಗೃಹಪ್ರವೇಶದ ದಿನ ಹತ್ತಿರ ಬಂದಾಗ ‘ಮುಂದುಗಡೆ ಒಂದು ಫೋಕಸ್ ಲೈಟ್ ಹಾಕಿಬಿಡಿ’ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಆಯಿತು. ಪ್ಯಾರಾಪೆಟ್ ಗೋಡೆಗೆ 50 ವ್ಯಾಟಿನ ಎಲ್‌ಇಡಿ ದೀಪವೊಂದು ಬಂದು ಕೂರುತ್ತದೆ, ಅಂಗಳ ಬೆಳ್ಳಗಾಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಹಣದ ಲೆಕ್ಕದಲ್ಲಿ ಅದು ಹೊರಗಿನ ದೀಪಗಳಲ್ಲೇ ದುಬಾರಿಯದು, ಉಪಯೋಗದಲ್ಲಿ ಹಿಂದೆ ಬೀಳುವಂಥದು ಎಂಬುದು ನನ್ನ ವಾದ. ಅದರ ಬದಲು ಕಾಲಿಡುವ ಜಾಗಗಳನ್ನಷ್ಟೇ ಗುರುತಿಸಿ, ಅಲ್ಲಲ್ಲಿ ತಗ್ಗಿನಲ್ಲಿ 5 ವ್ಯಾಟಿನ ನಾಲ್ಕೈದು ದೀಪ ಹಾಕಿಸಿ, ಉಳಿದ ಹಣವನ್ನು ಪೈಪು, ಜಂಕ್ಷನ್ ಬಾಕ್ಸು, ಅರ್ಥಿಂಗಿಗೆ ಹಾಕಬೇಕು. ಮೊದಲ ದಿನದ ಬಿಲ್ಲು ಜಾಸ್ತಿಯೇ ಬರುತ್ತದೆ. ಹಾಗಾಗಿ ಲೆಕ್ಕವನ್ನು ಐದು ವರ್ಷಕ್ಕೆ ಹಾಕಿ ನೋಡಬೇಕು.

ಐದು ವರ್ಷವೇ ಯಾಕೆಂದರೆ, ಎಲ್‌ಇಡಿ ಡಬ್ಬಿಗಳ ಮೇಲೆ ಸಾಮಾನ್ಯವಾಗಿ 25,000 ಗಂಟೆ ಆಯುಸ್ಸು ಎಂದಿರುತ್ತದೆ, ರಾತ್ರಿಗೆ 12 ಗಂಟೆಯಂತೆ ಉರಿಸಿದರೆ ಅದು ಐದೂವರೆ ವರ್ಷ ದಾಟುತ್ತದೆ. 50 ವ್ಯಾಟಿನ ದೀಪ ಸಂಜೆಯಿಂದ ಬೆಳಗಿನವರೆಗೆ ಉರಿದರೆ ತಿಂಗಳಿಗೆ 18 ಯೂನಿಟ್. ಸುಂಕ, ತೆರಿಗೆ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 126 ರೂಪಾಯಿ, ಐದು ವರ್ಷಕ್ಕೆ 7,560. ಈಗ 5 ವ್ಯಾಟಿನ ಐದು ದೀಪಗಳನ್ನು ನೋಡಿ. ಗೇಟಿನದು, ಮುಂಬಾಗಿಲ ಮೆಟ್ಟಿಲಿನದು ಎರಡು ರಾತ್ರಿಯಿಡೀ ಇರಲಿ, ಪಕ್ಕದ ಓಣಿ, ಹಿತ್ತಿಲು, ನೀರಿನ ತೊಟ್ಟಿ ಕಡೆಯ ಮೂರು ಸಂಜೆ ನಾಲ್ಕು ಗಂಟೆ ಮಾತ್ರ ಉರಿಯಲಿ. ತಿಂಗಳಿಗೆ 5.4 ಯೂನಿಟ್, ಐದು ವರ್ಷಕ್ಕೆ 2,268 ರೂಪಾಯಿ. ಉಳಿಯುವ ಐದು ಸಾವಿರದ ಚಿಲ್ಲರೆಯಲ್ಲಿ ಪೈಪು, ಬಾಕ್ಸುಗಳ ಖರ್ಚಿನ ದೊಡ್ಡ ಪಾಲು ಹುಟ್ಟುತ್ತದೆ.

ಗೃಹಜ್ಯೋತಿ ಇರುವಾಗ ಈ ಪೈಸೆ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ನನ್ನ ಪ್ರಕಾರ ಗೃಹಜ್ಯೋತಿ ಇರುವುದರಿಂದಲೇ ಈ ಲೆಕ್ಕ ಹೆಚ್ಚು ಮುಖ್ಯ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಳೆಯ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಗೊತ್ತುಮಾಡಿದ್ದಾರೆ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್ಟಿಗೆ ದುಡ್ಡು ಕೊಡಬೇಕು, 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. 190 ಯೂನಿಟ್ ಸುಡುವ ಮನೆಗೆ ಫೋಕಸ್ ಲೈಟಿನ 18 ಯೂನಿಟ್ ಸೇರಿದರೆ 208 ಆಗುತ್ತದೆ, ಸುಮಾರು 1,450 ರೂಪಾಯಿಯ ಬಿಲ್ಲು ಕೈಗೆ ಬರುತ್ತದೆ. ಆ ತಿಂಗಳು ಅಂಗಳದ ಒಂದು ದೀಪಕ್ಕೆ ತೆತ್ತ ಬೆಲೆ ಅದು. ಬೇಸಿಗೆಯಲ್ಲಿ ಫ್ಯಾನು, ಕೂಲರು ಓಡುವಾಗ ಈ ಗಡಿ ದಾಟುವುದು ಇನ್ನೂ ಸುಲಭ.

ಕಡಿಮೆ ವ್ಯಾಟಿನಲ್ಲಿ ಸಾಕಷ್ಟು ಬೆಳಕು ಸಿಗುತ್ತದೆಯೇ ಎಂಬ ಅನುಮಾನ ಸಹಜ. ಉತ್ತರ ದೀಪದ ಎತ್ತರದಲ್ಲಿದೆ. ದೀಪ ಇಮ್ಮಡಿ ಎತ್ತರಕ್ಕೆ ಹೋದರೆ ಅದರ ಕೆಳಗಿನ ನೆಲಕ್ಕೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. 12 ಅಡಿ ಮೇಲಿನ ದೀಪವನ್ನು 3 ಅಡಿಗೆ ಇಳಿಸಿದರೆ ಅದೇ ಬೆಳಕು ಹದಿನಾರು ಪಟ್ಟು. ಮೆಟ್ಟಿಲಿನ ಅಂಚು, ಚರಂಡಿಯ ಚಪ್ಪಡಿ, ಮಳೆಗಾಲದಲ್ಲಿ ಪಾಚಿ ಕಟ್ಟುವ ಕಲ್ಲುಹಾಸು, ಇವು ಕಾಣಬೇಕಾದ ಜಾಗಗಳು. ವಯಸ್ಸಾದವರು ಮುಗ್ಗರಿಸುವುದು ಇಲ್ಲಿಯೇ. ಮೇಲಿನಿಂದ ಬರುವ ಬಿರುಸಾದ ಬೆಳಕಿನಲ್ಲಿ ನಡೆಯುವವರ ನೆರಳೇ ಅವರ ಕಾಲಿನ ಮುಂದೆ ಬಿದ್ದು ಮೆಟ್ಟಿಲನ್ನು ಮುಚ್ಚುತ್ತದೆ. ಹಾವಿನ ಮಾತಂತೂ ನಮ್ಮ ಊರುಗಳಲ್ಲಿ ಬಿಡುವಂತಿಲ್ಲ. ಕಟ್ಟುಹಾವು ರಾತ್ರಿ ಓಡಾಡುವ ಜೀವಿ, ಕೊಳಕುಮಂಡಲ ಒಣ ಎಲೆಗಳ ನಡುವೆ ಕಾಣದ ಹಾಗೆ ಬಿದ್ದಿರುತ್ತದೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯ ಮಾಡಿದ್ದು ಸುಮ್ಮನೆ ಅಲ್ಲ. ಹಿತ್ತಿಲ ಬಾಗಿಲಿನಿಂದ ಬಚ್ಚಲಿಗೋ ಕೊಟ್ಟಿಗೆಗೋ ಹೋಗುವ ದಾರಿಯಲ್ಲಿ ಮೊಣಕಾಲೆತ್ತರದ ಒಂದು ದೀಪ ಮಾಡುವ ಕೆಲಸವನ್ನು ಪ್ಯಾರಾಪೆಟ್ಟಿನ 50 ವ್ಯಾಟ್ ಮಾಡಲಾರದು.

‘ಕಳ್ಳರ ಭಯಕ್ಕೆ ದೊಡ್ಡ ಲೈಟೇ ಬೇಕು’ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಒಂಟಿ ಮನೆಗಳಲ್ಲಿ ಇರುವವರ ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ದೀಪದ ಬೆಳಕು ಕಣ್ಣಿಗೆ ಹೊಡೆದರೆ ಅದರ ಆಚೆ ನಿಂತ ಮನುಷ್ಯ ಕಾಣುವುದಿಲ್ಲ, ಕಾಂಪೌಂಡಿನ ಮೂಲೆಯ ನೆರಳು ಇನ್ನಷ್ಟು ಕಪ್ಪಾಗುತ್ತದೆ. ರಾತ್ರಿಯಿಡೀ ಉರಿಯುವ ದೀಪದತ್ತ ಯಾರೂ ತಿರುಗಿ ನೋಡುವುದೂ ಇಲ್ಲ. ಕತ್ತಲಲ್ಲಿದ್ದ ಓಣಿಯ ದೀಪ ತಟ್ಟನೆ ಹೊತ್ತಿದರೆ ಒಳಗಿನವರಿಗೂ ಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ. ದೊಡ್ಡ ದೀಪ ಬೇಕೇ ಬೇಕೆನ್ನುವವರು ಅದನ್ನು ಚಲನೆ ಗುರುತಿಸುವ ಸೆನ್ಸರಿಗೆ ಕೊಡಲಿ. ರಾತ್ರಿಗೆ ಅರ್ಧ ಗಂಟೆಯೂ ಉರಿಯದ 50 ವ್ಯಾಟು ಬಿಲ್ಲಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಾಯಿ, ಬೆಕ್ಕು ಓಡಾಡಿದಾಗಲೆಲ್ಲ ಹೊತ್ತುತ್ತದೆ ಎಂಬ ದೂರು ನಿಜವೇ. ಈ ಸೆನ್ಸರ್ ಗುರುತಿಸುವುದು ಮೈಬಿಸಿಯ ಚಲನೆಯನ್ನು. ಅದರ ಲೆನ್ಸಿನ ಕೆಳಭಾಗಕ್ಕೆ ಟೇಪು ಅಂಟಿಸಿದರೆ ನೆಲಮಟ್ಟದ ಓಡಾಟ ಬಹಳಷ್ಟು ತಪ್ಪುತ್ತದೆ. ನೇರ ಎದುರಿಗೆ ಬರುವವರಿಗಿಂತ ಅಡ್ಡ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ, ಆದ್ದರಿಂದ ದಾರಿಯ ಪಕ್ಕದ ಗೋಡೆಗೆ ಹಾಕಿಸಬೇಕು.

ಇನ್ನು ಹಣ ನಿಜವಾಗಿ ಸೋರುವ ಜಾಗ. ಹೊರಗಿನ ದೀಪ ಕೆಡಲು ಅನೇಕ ಸಲ ಬಲ್ಬು ಕಾರಣವಲ್ಲ, ಒಳಗೆ ಸೇರಿದ ನೀರು ಕಾರಣ. ಕೆಟ್ಟ ದೀಪವೊಂದನ್ನು ಗೋಡೆಯಿಂದ ಬಿಚ್ಚಿಸಿ ಅದರ ಬೆನ್ನು ನೋಡಿ: ಮೇಲ್ಗಡೆಯ ತೂತಿನಿಂದ ವೈರು ಒಳಗಿಳಿದಿರುತ್ತದೆ, ಜೋಡಣೆಗೆ ಸುತ್ತಿದ ಇನ್ಸುಲೇಷನ್ ಟೇಪು ಬಿಸಿಲಿಗೆ ಅಂಟು ಬಿಟ್ಟು ಸುರುಳಿಯಾಗಿರುತ್ತದೆ, ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು ಹತ್ತಿರುತ್ತದೆ, ಮೂಲೆಯಲ್ಲಿ ಇರುವೆಗಳ ಮಣ್ಣು. ವೈರು ಕೆಳಗಿನಿಂದಲೇ ಒಳಗೆ ಹೋಗಬೇಕು. ಅದಕ್ಕೂ ಮೊದಲು ಸ್ವಲ್ಪ ಜೋತುಬಿದ್ದು ಮೇಲೇರಬೇಕು, ಆಗ ವೈರಿನ ಗುಂಟ ಹರಿದು ಬಂದ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಜೋಡಣೆ ಏನಿದ್ದರೂ ಮುಚ್ಚಳವಿರುವ ಬಾಕ್ಸಿನೊಳಗೆ ಇರಬೇಕು. ದೀಪ ಕೊಳ್ಳುವಾಗ ಅದರ ಮೇಲಿನ ಐಪಿ ಸಂಖ್ಯೆ ನೋಡಿ. ಐಪಿ 65 ಅಂದರೆ ಧೂಳು ಒಳಹೋಗದು, ಎಲ್ಲ ಕಡೆಯಿಂದ ನೀರು ಚಿಮ್ಮಿದರೂ ತಡೆಯುತ್ತದೆ. ಬಯಲಿಗೆ ಅದು ಬೇಕು. ಸಜ್ಜಾದ ಅಡಿ ಐಪಿ 44 ಸಾಕು, ಅಲ್ಲಿ ಬಲ್ಬು ಬದಲಿಸಬಹುದಾದ ಹೋಲ್ಡರ್ ದೀಪವೇ ಲಾಭ, ಏಕೆಂದರೆ ಬಲ್ಬು ಹೋದಾಗ ನೂರು ರೂಪಾಯಿ ಆಸುಪಾಸಿನಲ್ಲಿ ಹತ್ತಿರದ ಅಂಗಡಿಯಲ್ಲೇ ಇನ್ನೊಂದು ಸಿಗುತ್ತದೆ. ಬಲ್ಬಿನ ಸಮೇತ ಮುಚ್ಚಿದ ದೀಪ ಕೆಟ್ಟರೆ ಇಡಿಯಾಗಿ ಎಸೆಯಬೇಕಾಗುತ್ತದೆ.

ಸೋಲಾರ್ ಬಗ್ಗೆ ಹೇಳದಿದ್ದರೆ ಓದುಗರು ಬಿಡುವುದಿಲ್ಲ. ಬಳ್ಳಾರಿ, ಕಲಬುರಗಿ ಕಡೆಯ ಬಿಸಿಲಿನಲ್ಲಿ, ವೈರು ಎಳೆಯಲಾಗದಷ್ಟು ದೂರದ ಗೇಟಿಗೆ ಸೋಲಾರ್ ದೀಪ ಒಳ್ಳೆಯ ಆಯ್ಕೆ. ಆದರೆ ಆಗುಂಬೆ, ಮಡಿಕೇರಿಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಸರಿಯದ ದಿನಗಳೇ ಹೆಚ್ಚು. ಹಾವು, ಪಾಚಿ, ಕರೆಂಟು ಹೋಗುವುದು ಎಲ್ಲ ಒಟ್ಟಿಗೆ ಬರುವ ಆ ನಾಲ್ಕು ತಿಂಗಳಲ್ಲೇ ಬೆಳಕು ಕೈಕೊಡುತ್ತದೆ. ಅಡಿಕೆ, ಹಲಸಿನ ನೆರಳಿದ್ದರೆ ಬೇಸಿಗೆಯಲ್ಲೂ ಚಾರ್ಜ್ ಅಷ್ಟಕ್ಕಷ್ಟೇ. ಇನ್ನೂರು ಮುನ್ನೂರರ ನೆಲಕ್ಕೆ ಚುಚ್ಚುವ ದೀಪಗಳಲ್ಲಿ ಮೊದಲು ಸೋಲುವುದು ಬ್ಯಾಟರಿ, ಪ್ರತಿ ಸಲ ಹೊಸದು ಕೊಳ್ಳುತ್ತ ಹೋದರೆ ಬಿಟ್ಟಿ ಬೆಳಕಿಗೆ ಕೊಟ್ಟ ಹಣ ಕರೆಂಟಿನ ಖರ್ಚನ್ನು ಮೀರುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಮೆಟ್ಟಿಲಿನ 5 ವ್ಯಾಟನ್ನು ಆ ಲೈನಿಗೆ ಸೇರಿಸುವುದು ಇದಕ್ಕಿಂತ ಅಗ್ಗದ ದಾರಿ.

ಬಣ್ಣದ ವಿಚಾರದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ಹಳದಿ ಬೆಳಕನ್ನೇ ತನ್ನಿ, ಬೆಲೆಯಲ್ಲಿ ವ್ಯತ್ಯಾಸವಿಲ್ಲ. 6500ರ ನೀಲಿ ಬೆರೆತ ಬಿಳಿಗೆ ಹುಳುಗಳು ಹೆಚ್ಚು ಮುತ್ತುತ್ತವೆ, ಹುಳುಗಳ ಹಿಂದೆ ಕಪ್ಪೆ, ಕಪ್ಪೆಯ ಹಿಂದೆ ಹಾವು.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಹಣ ಸಾಲದಿದ್ದರೆ ಯಾವುದು ಮೊದಲು? ನಾನು ಹೇಳುವುದು ಆರ್‌ಸಿಸಿಬಿ. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿದುಹಾಕುವ ಈ ಸಾಧನಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸಾವಿರ ಬೀಳುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಗೇಟಿನ ಕಬ್ಬಿಣ ಮುಟ್ಟುವ ಮಕ್ಕಳಿರುವ ಮನೆಯಲ್ಲಿ ಇದನ್ನು ಮುಂದಕ್ಕೆ ಹಾಕಬಾರದು. ಅದರ ಜೊತೆಗೇ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಆಮೇಲೆ ಪೈಪು ಮತ್ತು ಬಾಕ್ಸು, ಅದೂ ಮೇ ತಿಂಗಳೊಳಗೆ, ನೆಲ ಒಣಗಿರುವಾಗಲೇ ಅಗೆಸಿ. ಪೈಪಿನಲ್ಲಿ ಮುಂದೆ ಬೇಕಾಗಬಹುದಾದ ಇನ್ನೊಂದು ವೈರಿಗೆ ಜಾಗ ಬಿಡಿಸಿ, ಮತ್ತೆ ಅಗೆಯುವ ಕೂಲಿ ಉಳಿಯುತ್ತದೆ. ದೀಪಗಳನ್ನು ತಿಂಗಳಿಗೊಂದರಂತೆ ಕೊಂಡರೂ ನಡೆಯುತ್ತದೆ, ಮೆಟ್ಟಿಲಿನದನ್ನು ಮಾತ್ರ ಮೊದಲು ತನ್ನಿ.