ಮೂರನೇ ಚಕ್ರ ಯಾವ ಖಾತೆಗೆ?

ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿ ‘ಓಡಾಟ’ ಅಂತ ಒಂದು ಖಾತೆ ಇದೆ, ‘ಖಯಾಲಿ’ ಅಂತ ಇನ್ನೊಂದು. ಬೈಕಿಗೆ ಸುರಿಯುವ ದುಡ್ಡನ್ನು ನನ್ನಂಥ ಗಂಡಸರು ಕಣ್ಣು ಮುಚ್ಚಿಕೊಂಡು ಮೊದಲನೆಯದಕ್ಕೆ ಬರೆಯುತ್ತಾರೆ. ಹಿಮಾಲಯನ್ ಬೈಕಿಗೆ ಸೈಡ್‌ಕಾರ್ ಕೂಡಿಸಿದ ಖರ್ಚನ್ನು ನನ್ನ ಹೆಂಡತಿ ಎರಡನೆಯದಕ್ಕೆ ಬರೆದಳು. ಅವಳು ಬರೆದದ್ದೇ ಸರಿ. ಖಯಾಲಿಗೆ ಖರ್ಚು ಮಾಡಬಾರದು ಅಂತಲ್ಲ, ಅದಕ್ಕೊಂದು ಮಿತಿ ಹಾಕಬಹುದು. ಓಡಾಟ ಅಂತ ಬರೆದುಬಿಟ್ಟರೆ ಮಿತಿಯೇ ಇರುವುದಿಲ್ಲ, ಎಷ್ಟಾದರೂ ‘ಬೇಕಾದದ್ದೇ’ ಆಗಿಬಿಡುತ್ತದೆ.

ಮೂಲ ಕಾರಣ ಮಂಡಿ. ನನಗೆ ಅರವತ್ತು ದಾಟಿದೆ, ಗಾಡಿಯ ತೂಕ 199 ಕಿಲೊ. ಓಡುವಾಗ ಆ ತೂಕ ಗೊತ್ತೇ ಆಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ. ನಾವಿರುವುದು ಅಂತರಸನಹಳ್ಳಿ. ಒಂದು ಕಡೆ ಕೈಗಾರಿಕಾ ಪ್ರದೇಶದ ಲಾರಿಗಳು, ಇನ್ನೊಂದು ಕಡೆ ತರಕಾರಿ ಮಾರುಕಟ್ಟೆಗೆ ನುಗ್ಗುವ ಟೆಂಪೊ, ಲಗೇಜ್ ಆಟೊಗಳು, ಪಕ್ಕದಲ್ಲೇ ಪುಣೆ ಹೆದ್ದಾರಿ. ಮನೆಯಿಂದ ಶಿರಾ ರಸ್ತೆಗೆ ಬರುವಷ್ಟರಲ್ಲಿ ಎಡಗಾಲು ಊರುವುದು, ಎತ್ತುವುದು ಮುಗಿಯುವುದೇ ಇಲ್ಲ. ದೇವರಾಯನದುರ್ಗದ ತಿರುವುಗಳಲ್ಲಿ ಹೆದರದ ಮಂಡಿ ಸಿಗ್ನಲ್‌ನಲ್ಲಿ ಹೆದರತೊಡಗಿತು. ಹಿಂದೆ ಕೂರುವವಳಿಗೂ ಸೀಟಿನ ಎತ್ತರಕ್ಕೆ ಕಾಲು ಎತ್ತಿ ಹಾಕುವುದು ಕಷ್ಟವಾಗಿತ್ತು.

ಅಮೆರಿಕದಲ್ಲಿರುವ ನೆಂಟರ ಹುಡುಗನ ಸಲಹೆ ಸುಲಭವಾಗಿತ್ತು: ‘ಟ್ರೈಕ್ ತಗೊಳ್ಳಿ’. ಅಲ್ಲಿ ಅದು ಹಳೆಯ ಸಂಪ್ರದಾಯ. ಹಾರ್ಲೆ ಡೇವಿಡ್‌ಸನ್ ಕಂಪನಿ 1932ರಿಂದ 1973ರವರೆಗೆ ಸರ್ವಿ-ಕಾರ್ ಅನ್ನುವ ಮೂರು ಚಕ್ರದ ಗಾಡಿ ಮಾಡುತ್ತಿತ್ತು. ಈಗ ದೂರದ ಪ್ರವಾಸಕ್ಕೆಂದೇ ಟ್ರೈ ಗ್ಲೈಡ್ ಇದೆ. ಕೆನಡಾದ ಕಂಪನಿಯೊಂದು 2007ರಲ್ಲಿ ಮುಂದೆ ಎರಡು, ಹಿಂದೆ ಒಂದು ಚಕ್ರದ ಕ್ಯಾನ್-ಆ್ಯಮ್ ಸ್ಪೈಡರ್ ತಂದಿತು. ಮಂಡಿ, ಸೊಂಟ ಸೋತವರೂ ಅಲ್ಲಿ ಸಾವಿರಾರು ಮೈಲಿ ಹೋಗುತ್ತಾರೆ. ಆದರೆ ಟ್ರೈ ಗ್ಲೈಡ್ ಬೆಲೆ ಅಲ್ಲೇ 35,000 ಡಾಲರ್ ದಾಟುತ್ತದೆ. ಅದರ ಮೇಲೆ ಹಡಗಿನ ಬಾಡಿಗೆ, ಸುಂಕ, ನಮ್ಮ ರಾಜ್ಯದ ರಸ್ತೆ ತೆರಿಗೆ. ಅಷ್ಟು ದುಡ್ಡಿಗೆ ಗುಬ್ಬಿ ಕಡೆ ತೆಂಗಿನ ತೋಟದ ಮಾತಾಡಬಹುದು. ಆ ದಾರಿಯನ್ನು ಒಂದು ಸಂಜೆಯಲ್ಲಿ ಬಿಟ್ಟೆ.

ಎರಡನೆಯ ದಾರಿ ನಮ್ಮೂರಲ್ಲೇ ದಿನಾ ಕಾಣುವಂಥದ್ದು. ಸ್ಕೂಟರಿನ ಹಿಂದೆ ಎರಡೂ ಪಕ್ಕಕ್ಕೆ ಸಣ್ಣ ಚಕ್ರ ಕೂಡಿಸಿದ ಗಾಡಿ. ಮೂರು ಚಕ್ರದ ಗಾಡಿ ಅಂತಲೇ ಕರೆಯುತ್ತೇವೆ, ಎಣಿಸಿದರೆ ನೆಲದ ಮೇಲೆ ನಾಲ್ಕು. ವಿಶೇಷಚೇತನರಿಗೆ ಸರ್ಕಾರವೇ ಇಂಥ ಯಂತ್ರಚಾಲಿತ ವಾಹನ ಹಂಚುತ್ತದೆ. ಕೊಂಡು ಕೂಡಿಸಿಕೊಳ್ಳುವವರಿಗೂ ಅನುಕೂಲಗಳಿವೆ, ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ವಿಶೇಷಚೇತನರ ವಾಹನಕ್ಕೆ ಹಾಕುವ ಕಿಟ್ ಮೇಲಿನ ಜಿಎಸ್‌ಟಿಯನ್ನು ಜಿಎಸ್‌ಟಿ ಮಂಡಳಿಯ 2021ರ ಸೆಪ್ಟೆಂಬರಿನ ಸಭೆ ಶೇ 5ಕ್ಕೆ ಇಳಿಸಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಇಂಥ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದೆ, ಲೈಸೆನ್ಸಿನಲ್ಲೂ ಅದೊಂದು ವರ್ಗ. ಆರ್‌ಸಿಯಲ್ಲಿ ಅದು ನಮೂದಾಗಿದ್ದರೆ ಗಾಡಿಯ ಸ್ವಂತ ಹಾನಿಯ ವಿಮಾ ಪ್ರೀಮಿಯಂನಲ್ಲಿ ಅರ್ಧದಷ್ಟು ರಿಯಾಯಿತಿ ಕೇಳುವ ಅವಕಾಶ ಹಳೆಯ ಮೋಟಾರ್ ಟಾರಿಫ್‌ನಲ್ಲೇ ಇತ್ತು. ನಿಮ್ಮ ಮನೆಯಲ್ಲಿ ಅಂಥ ಗಾಡಿ ಇದ್ದರೆ ಈ ಸಲದ ನವೀಕರಣದಲ್ಲಿ ಬಾಯಿಬಿಟ್ಟು ಕೇಳಿ, ತಾವಾಗಿ ಯಾರೂ ಕೊಡುವುದಿಲ್ಲ.

ನನಗೆ ಅದು ಹೊಂದಲಿಲ್ಲ. ಸೌಲಭ್ಯಗಳಿಗೆಲ್ಲ ಸಾಮಾನ್ಯವಾಗಿ ಶೇ 40ರ ವೈಕಲ್ಯದ ಪ್ರಮಾಣಪತ್ರ ಬೇಕು. ನನ್ನ ಮಂಡಿನೋವು ಆ ಅಳತೆಯ ಹತ್ತಿರವೂ ಬರುವುದಿಲ್ಲ. ‘ಸರ್ಟಿಫಿಕೇಟ್ ಮಾಡಿಸಿಕೊಡೋಣ ಬಿಡಿ ಸಾರ್’ ಅಂದವರೂ ಇದ್ದರು. ನಿಜವಾಗಿ ಬೇಕಾದವರ ಸಾಲಿನಲ್ಲಿ ನುಗ್ಗುವುದು ಅದು, ಸುಳ್ಳು ಕಾಗದದ ಮೇಲೆ ನಿಂತ ವಿಮೆ ಅಪಘಾತದ ದಿನ ಕೈಕೊಡುತ್ತದೆ ಅನ್ನುವುದು ಬೇರೆ. ಪೂರ್ತಿ ಗಟ್ಟಿಯೂ ಅಲ್ಲ, ಕಾನೂನಿನ ಕಣ್ಣಲ್ಲಿ ವೈಕಲ್ಯವೂ ಅಲ್ಲ ಅನ್ನುವ ಈ ನಡುವಿನ ಜಾಗದಲ್ಲಿ ಅರವತ್ತರ ನಂತರ ಬಹಳ ಜನ ಇರುತ್ತೇವೆ. ನಮಗೆ ಅಂತ ಯಾವ ರಿಯಾಯಿತಿಯೂ ಇಲ್ಲ, ಪೂರ್ತಿ ಬೆಲೆಯೇ.

ಉಳಿದದ್ದು ಸೈಡ್‌ಕಾರ್. ಒಂದು ಕಾಲಕ್ಕೆ ಲ್ಯಾಂಬ್ರೆಟ್ಟಾ, ಚೇತಕ್ ಸ್ಕೂಟರುಗಳ ಪಕ್ಕದ ತೊಟ್ಟಿಯಲ್ಲಿ ಮಕ್ಕಳು, ಮರಿ, ಟ್ರಂಕು ಎಲ್ಲ ಹೋಗುತ್ತಿದ್ದವು, ನನ್ನ ವಯಸ್ಸಿನವರಿಗೆ ನೆನಪಿದ್ದೀತು. ಕಾನೂನಿನಲ್ಲೂ ಇದಕ್ಕೆ ಹಳೆಯ ಮರ್ಯಾದೆ ಇದೆ. 1988ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಮೋಟಾರ್‌ಸೈಕಲ್ ಅಂದರೆ ಏನು ಅಂತ ಹೇಳುವಾಗಲೇ, ಒಂದು ಹೆಚ್ಚುವರಿ ಚಕ್ರವಿರುವ, ಬಿಚ್ಚಬಹುದಾದ ಸೈಡ್‌ಕಾರನ್ನೂ ಅದರೊಳಗೆ ಸೇರಿಸಿದ್ದಾರೆ. ಅಂದರೆ ಚಕ್ರ ಮೂರಾದರೂ ಅದು ಮೋಟಾರ್‌ಸೈಕಲ್ಲೇ. ಲೈಸೆನ್ಸ್ ಬದಲಾಗುವುದಿಲ್ಲ, ಕ್ಯಾತ್ಸಂದ್ರದ ಟೋಲ್‌ನಲ್ಲಿ ದುಡ್ಡು ಕೊಡಬೇಕಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಮಾತ್ರ ಬಿಡುವುದಿಲ್ಲ. 2023ರ ಆಗಸ್ಟಿನಿಂದ ಅಲ್ಲಿ ಬೈಕಿಗೂ ಪ್ರವೇಶವಿಲ್ಲ, ಆಟೊಗೂ ಇಲ್ಲ.

ಹಾಗಂತ ಗ್ಯಾರೇಜಿಗೆ ಹೋಗಿ ಸುಮ್ಮನೆ ಬೆಸುಗೆ ಹಾಕಿಸುವಂತಿಲ್ಲ. ಅದೇ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿತು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು. ಹಾಗಾಗಿ ಸೈಡ್‌ಕಾರ್ ಮಾಡುವವರಿಗೆ ಮುಂಗಡ ಕೊಡುವ ಮೊದಲು ನಾನು ಎರಡು ಕಾಗದ ಕೈಯಲ್ಲಿ ಇರಬೇಕು ಅಂತ ಕೂತೆ: ಸಾರಿಗೆ ಕಚೇರಿಯ ಒಪ್ಪಿಗೆ, ವಿಮಾ ಕಂಪನಿಯ ಎಂಡಾರ್ಸ್‌ಮೆಂಟ್. ಅಂಗಡಿಯವರಿಗೆ ಬೇಸರವಾಯಿತು. ಆಗಲಿ. ದುಡ್ಡು ನಮ್ಮ ಜೇಬಿನಲ್ಲಿ ಇರುವವರೆಗೆ ಮಾತ್ರ ನಮ್ಮ ಮಾತಿಗೆ ಬೆಲೆ.

ವಿಮೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ನನ್ನದು 411 ಸಿಸಿ. 350 ಸಿಸಿ ಮೀರಿದ ಬೈಕಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರಲ್ಲಿ ನಿಗದಿಯಾದಂತೆ ವರ್ಷಕ್ಕೆ 2,804 ರೂಪಾಯಿ, ತೆರಿಗೆ ಬೇರೆ. ಹಳೆಯ ಗಾಡಿಗೆ ಇಷ್ಟೇ ಸಾಕು ಅಂತ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಸೈಡ್‌ಕಾರ್ ಇದ್ದರೆ ನಿಲ್ಲಿಸಬೇಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ, ತಿಲಕ್ ಸಿಂಗ್ ಪ್ರಕರಣದಲ್ಲಿ, ಹೇಳಿದೆ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೂ ರಕ್ಷಣೆ. ಪಕ್ಕದ ತೊಟ್ಟಿಯಲ್ಲಿ ಕೂರುವುದು ನಿಮ್ಮ ಹೆಂಡತಿ ಅನ್ನುವುದಾದರೆ ಪ್ಯಾಕೇಜಿಗೆ ಕೊಡುವ ಎರಡು ಮೂರು ಸಾವಿರದಲ್ಲಿ ಜಿಪುಣತನ ತರವಲ್ಲ. ಇನ್ನೊಂದು: ಸೈಡ್‌ಕಾರಿನ ಮೈ ಫೈಬರ್ ಗ್ಲಾಸ್. ಪಾಲಿಸಿಯ ನಿಯಮದಲ್ಲಿ ಫೈಬರ್ ಗ್ಲಾಸ್ ಭಾಗಕ್ಕೆ ಶೇ 30, ರಬ್ಬರು, ಪ್ಲಾಸ್ಟಿಕ್, ಟೈರಿಗೆ ಶೇ 50 ಸವಕಳಿ ಕಳೆದೇ ಕ್ಲೇಮ್ ಕೊಡುವುದು. ಒಡೆದ ತೊಟ್ಟಿಗೆ ಪೂರ್ತಿ ದುಡ್ಡು ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಸೈಡ್‌ಕಾರಿನ ಬೆಲೆಯನ್ನು ಪಾಲಿಸಿಯಲ್ಲಿ ಬೇರೆಯಾಗಿ ಬರೆಸದಿದ್ದರೆ ಅಷ್ಟೂ ಇಲ್ಲ.

ಹಳೆಯದನ್ನು ಮಾರಿ ಹೊಸ ಬೈಕಿಗೇ ಯಾಕೆ ಕೂಡಿಸಲಿಲ್ಲ ಅಂತ ಗೆಳೆಯರು ಕೇಳಿದರು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕಿಗೆ ಜಿಎಸ್‌ಟಿ ಶೇ 40. ಅದರ ಮೇಲೆ, ಲಕ್ಷ ಮೀರಿದ ದ್ವಿಚಕ್ರಕ್ಕೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ ಶೇ 18, ಉಪಕರ ಬೇರೆ. ತೆರಿಗೆ ಕಟ್ಟಿ ಮುಗಿದ ಹಳೆಯ ಗಾಡಿಯೇ ಈಗ ಆಸ್ತಿ.

ಈಗ ಲೆಕ್ಕ. ಸೈಡ್‌ಕಾರ್, ಕೂಡಿಸುವ ಕೂಲಿ, ಹಿಂದಿನ ಸ್ಪ್ರಾಕೆಟ್, ಗಟ್ಟಿ ಸ್ಪ್ರಿಂಗು, ಕಾಗದ ಪತ್ರ ಎಲ್ಲ ಸೇರಿ ನನಗೆ ಬಿದ್ದದ್ದು ಸುಮಾರು 1,40,000 ರೂಪಾಯಿ. ಇದಕ್ಕೆ ವಾಹನ ಸಾಲ ಸಿಗುವುದಿಲ್ಲ, ಬ್ಯಾಂಕಿನ ಕಣ್ಣಿಗೆ ಇದು ಬರೀ ಬಿಡಿಭಾಗ. ಪರ್ಸನಲ್ ಲೋನ್ ಕೊಡುತ್ತಾರೆ, ತೆಗೆದುಕೊಳ್ಳಬಾರದು. ನಿವೃತ್ತಿಯ ದುಡ್ಡು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2ಕ್ಕೆ ಕೂತಿದೆ. ಅದರ ಅಸಲನ್ನು ಮುಟ್ಟಲಿಲ್ಲ. ಅವಧಿಗೆ ಮೊದಲು ಮುರಿದರೆ ಶೇ 1ರಿಂದ 1.5ರವರೆಗೆ ಕಡಿತ, ಮೊದಲ ವರ್ಷದೊಳಗಾದರೆ ಬಡ್ಡಿಯೇ ಇಲ್ಲ. ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯನ್ನು ಕೂಡಿಟ್ಟು ಕೊಂಡೆ. ಆದರೂ ಆ ದುಡ್ಡು ಅದೇ ದರದಲ್ಲಿ ದುಡಿಯುತ್ತಿತ್ತು ಅಂತ ಹಿಡಿಯುವುದೇ ನ್ಯಾಯ: ವರ್ಷಕ್ಕೆ 11,480.

ಎಷ್ಟು ವರ್ಷಕ್ಕೆ ಹಂಚುವುದು? ಇಲ್ಲಿ ಲೈಸೆನ್ಸೇ ಉತ್ತರ ಕೊಟ್ಟಿತು. ಐವತ್ತೈದು ದಾಟಿದವರಿಗೆ ಲೈಸೆನ್ಸ್ ಐದೈದು ವರ್ಷಕ್ಕೆ ಮಾತ್ರ ನವೀಕರಣ, ಜೊತೆಗೆ ವೈದ್ಯರ ಪ್ರಮಾಣಪತ್ರ. ಕಾನೂನು ನನಗೆ ಐದು ವರ್ಷ ಕೊಟ್ಟಿರುವಾಗ ನಾನು ಹತ್ತಕ್ಕೆ ಭಾಗಿಸಿ ಸಮಾಧಾನ ಪಟ್ಟುಕೊಳ್ಳುವುದು ಸರಿಯಲ್ಲ. ಐದು ವರ್ಷದ ಮೇಲೆ ತೊಟ್ಟಿಗೆ 40,000 ಬಂದರೆ ಪುಣ್ಯ; ಕೊಳ್ಳುವವರೇ ಕಡಿಮೆ. ಹಾಗಾದರೆ ವರ್ಷಕ್ಕೆ 20,000 ಸವಕಳಿ. ಲೀಟರಿಗೆ ಮೂವತ್ತು ಕಿಲೊಮೀಟರ್ ಕೊಡುತ್ತಿದ್ದ ಬೈಕು ಈಗ ಇಪ್ಪತ್ತರ ಆಸುಪಾಸು. ವರ್ಷಕ್ಕೆ ಐದು ಸಾವಿರ ಕಿಲೊಮೀಟರ್ ಓಡಿದರೆ ಹೆಚ್ಚಿನ ಪೆಟ್ರೋಲಿಗೆ ಸುಮಾರು 8,500. ಓರೆಯಾಗದ ಗಾಡಿಯ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆಯುತ್ತದೆ, ಕ್ಲಚ್ಚೂ ಬೇಗ ಹೋಗುತ್ತದೆ, ಅದಕ್ಕೆ 5,000 ಇಡಿ. ಹೆಚ್ಚಿನ ವಿಮೆ 2,000. ಒಟ್ಟು 46,980. ತಿಂಗಳಿಗೆ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ.

ಮೂರನೇ ಚಕ್ರದ ನಿಜವಾದ ಬೆಲೆ ಇದು, ಅಂಗಡಿಯವರು ಹೇಳಿದ್ದಲ್ಲ.

ಹೆಂಡತಿಯ ಪ್ರಶ್ನೆ ಇದಕ್ಕಿಂತ ಚಿಕ್ಕದು. ‘ಇನ್ನೊಂದಿಷ್ಟು ಹಾಕಿದ್ರೆ ಹಳೇ ಆಲ್ಟೊ ಬರ್ತಿತ್ತಲ್ಲ?’ ಬರುತ್ತಿತ್ತು. ಮೇಲೆ ಸೂರು ಇರುತ್ತಿತ್ತು, ರಿವರ್ಸ್ ಗೇರ್ ಇರುತ್ತಿತ್ತು, ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರು ಕಾಲಿಗೆ ತಾಗುತ್ತಿರಲಿಲ್ಲ. ಟೋಲ್ ಕೊಡಬೇಕಾಗುತ್ತಿತ್ತು, ಅಷ್ಟೆ. ಅದಕ್ಕೂ 2025ರಲ್ಲಿ 3,000 ರೂಪಾಯಿಯ ವಾರ್ಷಿಕ ಪಾಸ್ ಬಂತು. ಓಡಾಟದ ಖಾತೆಯಲ್ಲಿ ಇಟ್ಟು ತೂಗಿದರೆ ಕಾರೇ ಗೆಲ್ಲುತ್ತದೆ, ವಾದವೇ ಇಲ್ಲ. ಮಂಡಿ ನೋವಿಗೆ ಮೂರು ಚಕ್ರ ಕೊಳ್ಳುತ್ತೇನೆ ಅನ್ನುವವರು ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮಂಡಿಗೆ ಮದ್ದು ಕಾರು. ಸೈಡ್‌ಕಾರ್ ಇರುವುದು ಗಾಳಿಯ ಆಸೆ ಬಿಡಲಾರದವರಿಗೆ.

ಆ ನಾಲ್ಕು ಸಾವಿರಕ್ಕೆ ಏನು ಸಿಕ್ಕಿತು ಅಂತಲೂ ಹೇಳಬೇಕಲ್ಲ. ಹೆಬ್ಬೂರಿನ ಮೇಲೆ ಕುಣಿಗಲ್ಲು, ಅಲ್ಲಿಂದ ಎಡೆಯೂರು. ಮನಸ್ಸಾದರೆ ಮಾರ್ಕೋನಹಳ್ಳಿ ಅಣೆಕಟ್ಟಿನವರೆಗೆ. ಹಿಂದೆ ಕೂತು ಬೆನ್ನು ನೋಡುತ್ತಿದ್ದವಳು ಈಗ ಪಕ್ಕದಲ್ಲಿ ಕೂತು ರಸ್ತೆ ನೋಡುತ್ತಾಳೆ, ದಾರಿಯುದ್ದಕ್ಕೂ ಸಲಹೆ ಕೊಡುತ್ತಾಳೆ. ಓಡಿಸುವುದನ್ನೇ ಹೊಸದಾಗಿ ಕಲಿಯಬೇಕು: ಗಾಡಿ ವಾಲುವುದಿಲ್ಲ, ಹ್ಯಾಂಡಲ್ಲನ್ನೇ ಎಳೆದು ತಿರುಗಿಸಬೇಕು. ಎಡ ತಿರುವಿನಲ್ಲಿ ವೇಗ ಜಾಸ್ತಿಯಾದರೆ ಖಾಲಿ ತೊಟ್ಟಿ ನೆಲ ಬಿಟ್ಟು ಏಳುತ್ತದೆ. ಚಕ್ರಗಳು ಮೂರು ಸಾಲಿನಲ್ಲಿ ಹೋಗುವುದರಿಂದ ಯಾವ ಗುಂಡಿಯೂ ತಪ್ಪುವುದಿಲ್ಲ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದಿರೋ, ಹಿಂದಕ್ಕೆ ತಳ್ಳಲು ಊರವರನ್ನು ಕರೆಯಬೇಕು.

ಹಲಸಿನ ಕಾಲದಲ್ಲಿ ಗುಬ್ಬಿ ದಾಟಿ ಚೇಳೂರಿಗೆ ಹೋಗಿದ್ದೆವು. ಮೊದಲೆಲ್ಲ ಅಲ್ಲಿ ತೊಳೆ ತಿಂದು, ಕೈಗೆ ಎಣ್ಣೆ ಹಚ್ಚಿಕೊಂಡು ಬರುವುದಷ್ಟೇ. ಈ ಸಲ ಇಡೀ ಹಣ್ಣು ಅವಳ ಕಾಲ ಬಳಿ ಕೂತು ಬಂತು. ಮಾರುಕಟ್ಟೆ ಮುಂದೆ ಲಗೇಜ್ ಆಟೊದವನೊಬ್ಬ ನೋಡಿ ‘ಬಾಡ್ಗೆಗೆ ಬತ್ತದಾ ಸಾ?’ ಅಂದ. ನಗುವ ಮಾತೇ, ಆದರೆ ಉತ್ತರ ನೆನಪಿರಲಿ: ಖಾಸಗಿ ನೋಂದಣಿಯ ಗಾಡಿಯಲ್ಲಿ ಒಂದು ಕ್ರೇಟ್ ಟೊಮ್ಯಾಟೊವನ್ನೂ ಬಾಡಿಗೆಗೆ ಒಯ್ದರೆ ವಿಮೆಗೆ ಅರ್ಥ ಇರುವುದಿಲ್ಲ.

ಕೊನೆಗೆ ನಮ್ಮಿಬ್ಬರ ನಡುವೆ ಆದ ಒಪ್ಪಂದ. ಖಯಾಲಿಗೆ ತಿಂಗಳಿಗೆ ನಾಲ್ಕು ಸಾವಿರ ಹೋಗುವುದಾದರೆ ಕಾರಿಗೂ ಮೂರು ಸಾವಿರ ಹೋಗಲಿ ಅಂದಳು. ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ ತೆರೆದೆವು. ಶೇ 6.7ರಲ್ಲಿ ಅದು ಮುಗಿಯುವಾಗ ಸುಮಾರು 2,14,000 ಆಗುತ್ತದೆ. ನನ್ನ ಲೈಸೆನ್ಸಿನ ಅವಧಿ ಮುಗಿಯುವುದೂ ಆಗಲೇ. ಪಾಸ್‌ಬುಕ್ ಅವಳ ಹೆಸರಿನಲ್ಲಿದೆ. ಯಾವ ಕಾರು, ಯಾವ ಬಣ್ಣ ಅನ್ನುವುದರಲ್ಲಿ ನಾನು ಬಾಯಿ ಹಾಕುವ ಹಾಗಿಲ್ಲ, ಹಾಗಂತಲೇ ಷರತ್ತು.