ಶ್ರವಣಪಾಠ: ಧ್ವನಿ ಪರಿವರ್ತಕ ಹಾಗೂ ತಂತಿಯ ಆಯ್ಕೆ

ಮಿರಜ ತಾಲ್ಲೂಕಿನ ಆರಗದಂತಹ ಗಡಿಯೂರಿನ ತರಗತಿಯಲ್ಲಿ ಧ್ವನಿಮುದ್ರಣ ಕೇಳಿದ ಮಕ್ಕಳು ‘ಸಂಕರ’ ಎಂಬುದನ್ನು ‘ಶಂಕರ’ ಎಂದು ಬರೆದರೆ, ತಪ್ಪು ಕಿವಿಯದೆಂದು ತೀರ್ಮಾನಿಸುವ ಮುನ್ನ ಶಿಕ್ಷಕರು ಉಪಕರಣವನ್ನು ಪರೀಕ್ಷಿಸಬೇಕು. (ಆಡುಮಾತಿನ ‘ಸಾಲಿ’ಯ ವಿಷಯ ಬೇರೆ, ಅದು ತಪ್ಪೇ ಅಲ್ಲ.)

ಮುದ್ರಿತ ಕಡತದಲ್ಲಿರುವುದು ಅಂಕಿಗಳು. ಅವನ್ನು ವಿದ್ಯುತ್ ತರಂಗವಾಗಿಸುವ ಪರಿವರ್ತಕವೇ ‘ಡ್ಯಾಕ್’. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. 8,000 ಮಾದರಿಗಳ ಮುದ್ರಣದಲ್ಲಾದರೋ 4,000 ಹರ್ಟ್ಸ್‌ಗೆ ಮೇಲಿನ ನಾದ ಉಳಿಯದು. ಸಕಾರದ ಸೀಟಿಯಂತಹ ಅಂಶ ಬಹುಪಾಲು ಅದಕ್ಕೂ ಮೇಲಿದೆ. ಹೀಗೆ ಕಳೆದುದನ್ನು ಎಷ್ಟೇ ಬೆಲೆಯ ಡ್ಯಾಕ್ ಮರಳಿ ತರಲಾರದು. ಆದ್ದರಿಂದ ಮೊದಲು ಒಳ್ಳೆಯ ಮುದ್ರಣ.

ಮೊಬೈಲಿನೊಳಗೆ ಪರಿವರ್ತಕ ಇದ್ದೇ ಇರುತ್ತದೆ. ಗಣಕಯಂತ್ರದ ಹೆಡ್‌ಫೋನ್ ಕಿಂಡಿಯಲ್ಲಿ ಗುಂಯ್ಗುಡುವ ಸದ್ದಿದ್ದರೆ ಪ್ರತ್ಯೇಕ ಯು.ಎಸ್.ಬಿ. ಡ್ಯಾಕ್ ಕೊಳ್ಳುವುದು ಸಾರ್ಥಕ. ತಂತಿಗೆ ಹೆಚ್ಚು ವೆಚ್ಚ ಬೇಡ: ಎರಡು ಮೀಟರ್ ದೂರಕ್ಕೆ ಕವಚವುಳ್ಳ ಸಾಧಾರಣ ತಂತಿ ಸಾಕು. ಚಿನ್ನದ ಲೇಪ ಪಿನ್ನು ಕಿಲುಬು ಹಿಡಿಯದಂತೆ ಕಾಯುತ್ತದೆ, ದನಿಯನ್ನು ಸಿಹಿಯಾಗಿಸದು. ಪಿನ್ನು ಸಡಿಲವಿದ್ದರೆ ತಂತಿಯನ್ನೇ ಬದಲಿಸಿರಿ.

ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿದ್ದ ‘ಸ’ಕಾರ ತರಗತಿಯಲ್ಲಿ ಮಸುಕಾದರೆ, ದೋಷ ಧ್ವನಿವರ್ಧಕದ್ದು ಅಥವಾ ಬರಿಗೋಡೆಯ ಪ್ರತಿಧ್ವನಿಯದು. ಧ್ವನಿವರ್ಧಕವನ್ನು ಮಕ್ಕಳ ಸಮೀಪಕ್ಕೆ ತಂದು ಮತ್ತೊಮ್ಮೆ ಕೇಳಿಸಿರಿ. ಉಕ್ತಲೇಖನದ ಅಂಕಗಳನ್ನು ಅನಂತರ ನೀಡಬಹುದು.