ಬಾಗಿಲಾಚೆ ಎರಡಡಿ ಸ್ನೋ, ಒಳಗೆ ನೀವು ಮತ್ತು ಮಗು: ಗೆಲ್ಲಲು 9 ಸೂತ್ರಗಳು

ಬಾಸ್ಟನ್‌ಗೆ ಬಂದು ಇದು ನಿಮ್ಮ ಮೊದಲ ಚಳಿಗಾಲವೇ? ತಲೆಯ ಮೇಲೆ ಪ್ರಾಜೆಕ್ಟ್ ಡೆಡ್‌ಲೈನ್, ಮಗು ಫಸ್ಟ್ ಗ್ರೇಡ್‌ನಲ್ಲಿ, ಫೋನ್ ತುಂಬ ಸ್ಟಾರ್ಮ್ ಅಲರ್ಟ್‌ಗಳೇ? ‘ನಾವು ದಾವಣಗೆರೆ ಕಡೆಯವರು, ನಮಗೆಲ್ಲಿ ಸ್ನೋ ಗೊತ್ತು’ ಅನ್ನುವ ಮಾತನ್ನು ಇವತ್ತೇ ಬಿಡಿ. ಅದು ವಿನಯವಲ್ಲ, ದುರಭ್ಯಾಸ. ಮಲೆನಾಡಿನ ಅಜ್ಜಿಯರು ಮೇ ತಿಂಗಳಲ್ಲೇ ಹಲಸಿನ ಹಪ್ಪಳ ಒಣಗಿಸಿ, ಸೌದೆ ಒಟ್ಟಿ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟಿ ಇಡೀ ಮಳೆಗಾಲಕ್ಕೆ ತಯಾರಾಗುತ್ತಿದ್ದರು. ನಿಮಗೆ ಬೇಕಿರುವುದು ಮೂರು ದಿನದ ತಯಾರಿ. ಗಾಬರಿಯೆಲ್ಲ ಹಿಂದಿನ ದಿನವೇ ಮುಗಿಯಲಿ. ಸ್ನೋ ಬೀಳುವ ದಿನ ಮಗುವಿನದು.

1. ‘ವಾಚ್’ ಬಂದಾಗಲೇ ಎದ್ದೇಳಿ.
ವಿಂಟರ್ ಸ್ಟಾರ್ಮ್ ವಾಚ್ ಅಂದರೆ ಬರಬಹುದು. ವಾರ್ನಿಂಗ್ ಅಂದರೆ ಬಂದೇಬಿಟ್ಟಿತು. ವಾರ್ನಿಂಗ್ ನೋಡಿ ಅಂಗಡಿಗೆ ಓಡಿದವರಿಗೆ ಸಿಗುವುದು ಖಾಲಿ ಶೆಲ್ಫು, ಉದ್ದ ಕ್ಯೂ. ಬ್ಲಿಝಾರ್ಡ್ ವಾರ್ನಿಂಗ್ ಬಂದರಂತೂ ಹೊರಗೆ ಹೋಗುವ ಮಾತೇ ಬೇಡ. ಗಂಟೆಗೆ 35 ಮೈಲಿ ಗಾಳಿ, ಕಾಲು ಮೈಲಿ ಆಚೆ ಏನೂ ಕಾಣದ ಸ್ಥಿತಿ ಕನಿಷ್ಠ ಮೂರು ಗಂಟೆ ಇದ್ದರೆ ಮಾತ್ರ ಅದು ಬ್ಲಿಝಾರ್ಡ್.

2. ಕರೆಂಟ್ ಇಲ್ಲದ ಅಡುಗೆ ಪ್ಲ್ಯಾನ್ ಮಾಡಿ.
ಎಲ್ಲರೂ ಬ್ರೆಡ್, ಹಾಲು, ಮೊಟ್ಟೆಗೆ ಮುಗಿಬೀಳುತ್ತಾರೆ. ನೀವು ಇಂಡಿಯನ್ ಸ್ಟೋರ್‌ಗೆ ಹೋಗಿ. ನಿಮ್ಮ ಅಪಾರ್ಟ್‌ಮೆಂಟ್‌ನ ಒಲೆ ಎಲೆಕ್ಟ್ರಿಕ್ ಆಗಿದ್ದರೆ ಕರೆಂಟ್ ಹೋದ ಕ್ಷಣವೇ ಅಡುಗೆ ಬಂದ್. ಆಗ ಕೈಹಿಡಿಯುವುದು ನಮ್ಮ ಅವಲಕ್ಕಿ: ಮೊಸರು ಹಾಕಿ ಕಲಸಿದರೆ ಊಟ, ಬೆಲ್ಲ ತೆಂಗಿನತುರಿ ಹಾಕಿದರೆ ತಿಂಡಿ. ಜೊತೆಗೆ ಮಂಡಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಬಾಳೆಹಣ್ಣು. ಕುಡಿಯುವ ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್ ಲೆಕ್ಕದಲ್ಲಿ ಮೂರು ದಿನಕ್ಕೆ ತೆಗೆದಿಡಿ. ಬಾವಿ ಪಂಪ್ ಇರುವ ಮನೆಯಲ್ಲಿ ಕರೆಂಟ್ ಹೋದರೆ ನೀರೂ ಹೋಯಿತು. ಫ್ರಿಜ್ ಬಾಗಿಲು ತೆಗೆಯದಿದ್ದರೆ ಒಳಗಿನದು ನಾಲ್ಕು ಗಂಟೆ ಕೆಡುವುದಿಲ್ಲ, ತುಂಬಿದ ಫ್ರೀಝರ್ 48 ಗಂಟೆ ತಡೆಯುತ್ತದೆ. ಆದ್ದರಿಂದ ಫ್ರೀಝರ್‌ನ ಖಾಲಿ ಜಾಗಕ್ಕೆ ನೀರಿನ ಬಾಟಲಿ ಪೂರ್ತಿ ತುಂಬಿಸದೆ ತುರುಕಿ. ದೋಸೆ ಹಿಟ್ಟನ್ನು ಹಿಂದಿನ ಸಂಜೆಯೇ ರುಬ್ಬಿ, ಓವನ್ ಒಳಗಿಟ್ಟು ಲೈಟ್ ಮಾತ್ರ ಹಾಕಿ. ಈ ಚಳಿಯಲ್ಲಿ ಹಿಟ್ಟು ಹುದುಗಲು ಅಷ್ಟಾದರೂ ಬಿಸಿ ಬೇಕು. ಕರೆಂಟ್ ಉಳಿದರೆ ಬೆಳಿಗ್ಗೆ ನೀವೇ ರಾಜ.

3. ಸಲಿಕೆ ಮನೆಯೊಳಗಿರಲಿ.
ನಾನು ಮೊದಲ ವರ್ಷ ಹಿತ್ತಲ ಶೆಡ್‌ನಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಶೆಡ್ ಬಾಗಿಲು ಸೊಂಟದವರೆಗೆ ಹೂತಿತ್ತು. ಸಲಿಕೆ ತೆಗೆಯಲು ಸಲಿಕೆ ಬೇಕು! ಕೊನೆಗೆ ಬೇಕಿಂಗ್ ಟ್ರೇ ಹಿಡಿದು ಅಗೆದೆ. ಪಕ್ಕದ ಮನೆಯವರು ಕಿಟಕಿಯಿಂದ ಕೈಬೀಸಿದರು. ಸಲಿಕೆ, ಉಪ್ಪಿನ ಚೀಲ, ಟಾರ್ಚು, ಪವರ್ ಬ್ಯಾಂಕ್, ಮಗುವಿನ ಜ್ವರದ ಸಿರಪ್ ಎಲ್ಲವೂ ಕೈಗೆಟುಕುವಲ್ಲಿರಲಿ. ಮೇಣದಬತ್ತಿ ಬೇಡ, ಮನೆಯಲ್ಲಿ ಮಗುವಿದೆ.

4. ಹೀಟರ್‌ನ ವೆಂಟ್ ಎಲ್ಲಿದೆ, ಇವತ್ತೇ ಪತ್ತೆ ಮಾಡಿ.
ಇಡೀ ಪಟ್ಟಿಯಲ್ಲಿ ಒಂದನ್ನೇ ಮಾಡುತ್ತೀರಾದರೆ ಇದನ್ನು ಮಾಡಿ. ಗ್ಯಾಸ್ ಹೀಟರ್‌ನ ಹೊಗೆ ಎಷ್ಟೋ ಮನೆಗಳಲ್ಲಿ ಪಕ್ಕದ ಗೋಡೆಯ ಪೈಪಿನಿಂದ ಹೊರಹೋಗುತ್ತದೆ, ಅದೂ ನೆಲದಿಂದ ಮಂಡಿಯೆತ್ತರದಲ್ಲಿ. ಗಾಳಿ ತಂದು ಒಟ್ಟಿದ ಸ್ನೋ ಅದನ್ನು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 2005ರ ಜನವರಿಯಲ್ಲಿ ಇದೇ ರಾಜ್ಯದ ಪ್ಲಿಮತ್‌ನಲ್ಲಿ ಏಳು ವರ್ಷದ ಬಾಲಕಿ ತೀರಿಕೊಂಡದ್ದು ಹೀಗೆಯೇ. ಆಮೇಲೆಯೇ ಮ್ಯಾಸಚೂಸೆಟ್ಸ್‌ನಲ್ಲಿ ಗ್ಯಾಸ್, ಆಯಿಲ್ ಉರಿಸುವ ಮನೆಗಳಿಗೆ ಅಲಾರಂ ಕಡ್ಡಾಯವಾಯಿತು. ಅಲಾರಂನ ಟೆಸ್ಟ್ ಬಟನ್ ಈಗಲೇ ಒತ್ತಿ. ಸ್ನೋ ಬೀಳುವಾಗ ಆಗಾಗ ಹೋಗಿ ವೆಂಟ್ ಸುತ್ತ ಕೆರೆದು ಬನ್ನಿ. ಕಾರಿನ ಸೈಲೆನ್ಸರ್ ಸುತ್ತ ಸ್ನೋ ತೆಗೆಯುವ ಮುಂಚೆ ಎಂಜಿನ್ ಆನ್ ಮಾಡಬೇಡಿ, ‘ಬೆಚ್ಚಗೆ ಕೂತಿರು ಪುಟ್ಟಾ’ ಎಂದು ಮಗುವನ್ನು ಅದರೊಳಗೆ ಕೂರಿಸಲೇಬೇಡಿ.

5. ಮ್ಯಾನೇಜರ್‌ಗೆ ಹಿಂದಿನ ದಿನವೇ ಬರೆಯಿರಿ.
‘ನಾಳೆ ಸ್ಕೂಲ್ ಇಲ್ಲ, ಇಂತಿಂಥ ಹೊತ್ತು ಸಿಗುತ್ತೇನೆ’ ಎಂಬ ಎರಡು ಸಾಲು ಸಾಕು. ಕೆಲಸವನ್ನು ತೊಂಬತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನ ನಡುವೆ ಪೂರ್ತಿ ಮಗುವಿನವರಾಗಿ. ಲ್ಯಾಪ್‌ಟಾಪ್ ನೋಡುತ್ತಾ ‘ಹೂಂ ಹೂಂ’ ಅನ್ನುವುದು ಮಗುವಿಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅಂದಹಾಗೆ ಸ್ನೋ ಡೇ ಪುಕ್ಕಟೆ ರಜೆಯಲ್ಲ. ಇಲ್ಲಿ ಶಾಲೆ 180 ದಿನ ನಡೆಯಲೇಬೇಕು, ಇವತ್ತಿನ ರಜೆಯನ್ನು ಜೂನ್‌ನಲ್ಲಿ ತೀರಿಸಬೇಕು.

6. ಮಗುವಿಗೆ ಒಂದು ಹುದ್ದೆ ಕೊಡಿ.
ಬೋರ್ ಆಗುವುದು ಕೆಲಸವಿಲ್ಲದ ಮಗುವಿಗೆ. ನಿಮ್ಮ ಮಗುವನ್ನು ಮನೆಯ ಹವಾಮಾನ ಅಧಿಕಾರಿಯಾಗಿ ನೇಮಿಸಿ. ಬಾಲ್ಕನಿಯಲ್ಲಿ ಒಂದು ಹಲಗೆ, ಕೈಯಲ್ಲಿ ಸ್ಕೇಲು, ಗಂಟೆಗೊಮ್ಮೆ ಅಳತೆ, ಗೋಡೆಯ ಮೇಲೆ ಗ್ರಾಫ್. ಮುಂದಿನ ಪ್ರಯೋಗ: ಲೋಟದ ತುಂಬ ಸ್ನೋ ತುಂಬಿಸಿ ಒಳಗಿಡಿ, ಕರಗಿದ ಮೇಲೆ ನೀರು ಎಷ್ಟಿರುತ್ತದೆ ಎಂದು ಊಹಿಸಲು ಹೇಳಿ. ಅರ್ಧ ಲೋಟ ಅನ್ನುತ್ತಾರೆ. ಒತ್ತದೆ ಹಗುರಾಗಿ ತುಂಬಿದ್ದರೆ ಸಾಮಾನ್ಯವಾಗಿ ಸಿಗುವುದು ಹತ್ತರಲ್ಲಿ ಒಂದು ಪಾಲು, ಉಳಿದದ್ದೆಲ್ಲ ಗಾಳಿ. ಆ ಮುಖ ನೋಡಬೇಕು ನೀವು!

ಆಮೇಲೆ ಕಪ್ಪು ಬಟ್ಟೆಯೊಂದನ್ನು ಅರ್ಧ ಗಂಟೆ ಹೊರಗಿಟ್ಟು ತಣ್ಣಗಾಗಿಸಿ, ಅದರ ಮೇಲೆ ಬೀಳುವ ಹರಳನ್ನು ಭೂತಗನ್ನಡಿಯಲ್ಲಿ ತೋರಿಸಿ. ಉಸಿರು ತಾಗಿದರೆ ಕರಗಿತು, ಹುಷಾರು. ಆರು ತೋಳು ಎಣಿಸಲಿ. ಪಕ್ಕದ ವರ್ಮಾಂಟ್ ರಾಜ್ಯದ ಜೆರಿಕೊ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಮೈಕ್ರೋಸ್ಕೋಪಿಗೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೊ ತೆಗೆದ ಕಥೆ ಹೇಳಿ. ಅವರು ಜೀವಮಾನದಲ್ಲಿ ತೆಗೆದ ಫೋಟೊಗಳು 5,000ಕ್ಕೂ ಹೆಚ್ಚು.

ಬೆಳಿಗ್ಗೆ ಎಂಟಕ್ಕೆ ಊರಿಗೆ ವಿಡಿಯೋ ಕಾಲ್ ಮಾಡಿಸಿ. ಅಲ್ಲಿ ಸಂಜೆ ಆರೂವರೆ, ಅಜ್ಜಿ ದೀಪ ಹಚ್ಚಿ ಕೂತಿರುತ್ತಾರೆ. ಅಧಿಕಾರಿಗಳ ವರದಿ ಕೇಳಲು ಅಷ್ಟು ಪುರುಸೊತ್ತು ಬೇರೆ ಯಾರಿಗಿದೆ?

7. ಹೊರಗೆ ಕಳಿಸಿ, ಗಡಿಯಾರವನ್ನೂ ನೋಡಿ.
‘ಶೀತ ಆಗುತ್ತೆ’ ಎಂದು ಕೂಡಿಹಾಕಬೇಡಿ. ಗಾಳಿ ನಿಂತ ಮೇಲೆ ಥರ್ಮಲ್, ಫ್ಲೀಸ್, ಮೇಲೆ ವಾಟರ್‌ಪ್ರೂಫ್ ಹಾಕಿ ಕಳಿಸಿ. ಒಳಗೆ ಕಾಟನ್ ಬೇಡ, ಒದ್ದೆಯಾದರೆ ಮೈ ಕೊರೆಯುತ್ತದೆ. ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಒಳಗೆ ಕರೆಯಿರಿ. ಬೆರಳ ತುದಿ ಬಿಳಿಚಿ ಜೋಮು ಹಿಡಿದಿದ್ದರೆ ಉಜ್ಜಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿ ಇಳಿಸಿ. ಸರಿಹೋಗದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ. ಪ್ಲೌ ಗಾಡಿ ರಸ್ತೆ ಬದಿಗೆ ತಳ್ಳಿದ ಗುಡ್ಡದಲ್ಲಿ ಗುಹೆ ತೋಡಲು ಬಿಡಬೇಡಿ. ಅದು ಕುಸಿಯಬಹುದು, ಮತ್ತೆ ಬರುವ ಡ್ರೈವರ್‌ಗೆ ಒಳಗಿನ ಮಗು ಕಾಣುವುದಿಲ್ಲ. ಮಿಟನ್ ಎರಡು ಜೊತೆ ಇರಲಿ, ಒಂದು ಕಳೆದೇ ಕಳೆಯುತ್ತದೆ.

8. ಐಸ್‌ಕ್ರೀಮ್ ಮಾಡಿ. ಹೌದು, ಇದೇ ಚಳಿಯಲ್ಲಿ.
ಸಣ್ಣ ಜಿಪ್‌ಲಾಕ್‌ನಲ್ಲಿ ಹಾಲು, ಕ್ರೀಮ್, ಸಕ್ಕರೆ, ಏಲಕ್ಕಿ. ದೊಡ್ಡದರಲ್ಲಿ ಸ್ನೋ ಮತ್ತು ಒಂದು ಹಿಡಿ ಉಪ್ಪು. ಚಿಕ್ಕದನ್ನು ಭದ್ರವಾಗಿ ಮುಚ್ಚಿ ದೊಡ್ಡದರೊಳಗಿಟ್ಟು ಗ್ಲೌಸ್ ಹಾಕಿ ಹತ್ತು ನಿಮಿಷ ಕುಲುಕಿ. ಉಪ್ಪು ಬೆರೆತ ಸ್ನೋ ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ, ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಕಿತ್ತುಕೊಳ್ಳುತ್ತದೆ. ರಸ್ತೆಗೆ ಉಪ್ಪು ಎರಚುವುದು ಯಾಕೆ ಎಂಬ ಪ್ರಶ್ನೆಗೂ ಇದೇ ಉತ್ತರ.

9. ಒಂದು ಗುಡ್ಡೆ ಉಳಿಸಿ, ಬೆಟ್ ಕಟ್ಟಿ.
ದಾರಿ ಬಿಡಿಸುವಾಗ ಸ್ನೋ ಎತ್ತಬೇಡಿ, ತಳ್ಳಿ. ಸೊಂಟ ಉಳಿಯುತ್ತದೆ. ಎಲ್ಲವನ್ನೂ ನೆರಳಿನ ಒಂದೇ ಮೂಲೆಗೆ ಒಟ್ಟಿ, ಇದು ಯಾವತ್ತು ಪೂರ್ತಿ ಕರಗುತ್ತದೆ ಎಂದು ಮನೆಯವರೆಲ್ಲ ಒಂದೊಂದು ತಾರೀಖು ಬರೆದು ಫ್ರಿಜ್‌ಗೆ ಅಂಟಿಸಿ. 2014-15ರ ಚಳಿಗಾಲದಲ್ಲಿ ಬಾಸ್ಟನ್‌ನಲ್ಲಿ ದಾಖಲೆಯ 108 ಇಂಚಿಗೂ ಹೆಚ್ಚು ಸ್ನೋ ಬಿತ್ತು. ಊರ ಸ್ನೋ ತಂದು ಸುರಿದಿದ್ದ ಸೀಪೋರ್ಟ್‌ನ ಗುಡ್ಡ ಕರಗಿ ಮುಗಿದದ್ದು ಜುಲೈ 14ಕ್ಕೆ! ನಮ್ಮ ಹಿತ್ತಲಿನದು ಏಪ್ರಿಲ್ ಎರಡನೇ ವಾರಕ್ಕೆ ಹೋಯಿತು. ಬೆಟ್ ಗೆದ್ದವಳು ಮಗಳು. ಗುಡ್ಡೆ ಇದ್ದ ಜಾಗದಲ್ಲಿ, ಚಪ್ಪಟೆಯಾಗಿ, ಜನವರಿಯಲ್ಲಿ ಕಳೆದುಹೋದ ಅವಳ ಎಡಗೈ ಮಿಟನ್ ಬಿದ್ದಿತ್ತು.